ಗುಡ್ಡೆಯ ಕುತ್ತಿಯೂ ಕಬ್ಬಿಣದ ಇಕ್ಕಳವೂ

ಮರ ಕಡಿಯುವುದು ಈಗ ದೊಡ್ಡ ಸಾಹಸವಲ್ಲ. ಯಂತ್ರದ ಗರಗಸ ಬಂದ ಮೇಲಂತೂ ಅದು ಒಂದು ಚಾ ಕುಡಿದು ಮುಗಿಸುವಷ್ಟರ ಕೆಲಸ. ಆದರೆ ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡವಿದೆಯಲ್ಲ, ಅದನ್ನು ಕೀಳುವಾಗಲೇ ಕೃಷಿಕನ ಸೊಂಟ ಮುರಿಯುವುದು. ಪಾಠಪುಸ್ತಕದ ಕನ್ನಡದಲ್ಲಿ ಇದಕ್ಕೆ ಮೋಟು ಎನ್ನುತ್ತಾರೆ. ನಮ್ಮ ಕಾಸರಗೋಡಿನ ಮಕ್ಕಳಿಗೆ ಹಾಗೆಂದರೆ ಮತ್ತೊಮ್ಮೆ ಬಿಡಿಸಿ ಹೇಳಬೇಕು. ಇಲ್ಲಿ ಅದು ಕುತ್ತಿ. ತುಳುವಿನ ಕುತ್ತಿಯೂ ಮಲೆಯಾಳದ ಕುಟ್ಟಿಯೂ ಒಂದೇ ಬೇರಿನ ಚಿಗುರುಗಳಾದುದರಿಂದ, ಮೂರು ಭಾಷೆಯವರು ಸೇರಿ ದುಡಿಯುವ ಹಿತ್ತಿಲಿನಲ್ಲಿ ಈ ಒಂದು ಶಬ್ದಕ್ಕಾದರೂ ಭಾಷಾಂತರ ಬೇಡ.

ಹಿಂದೆ ಈ ಕೆಲಸಕ್ಕೆ ಹಾರೆ, ಪಿಕ್ಕಾಸು, ಕೊಡಲಿ ಇವಿಷ್ಟೇ ಆಯುಧಗಳು. ಸುತ್ತ ಮಣ್ಣು ಬಿಡಿಸಿ, ಹರಡಿದ ಬೇರುಗಳನ್ನು ಒಂದೊಂದಾಗಿ ಕಡಿದು, ಕೊನೆಗೆ ತಾಯಿಬೇರಿಗೆ ಕೈ ಹಾಕುವಾಗ ಇಬ್ಬರು ಆಳುಗಳಿಗೆ ಹೊತ್ತು ಮುಳುಗುತ್ತಿತ್ತು. ಹಗ್ಗ, ಕಪ್ಪಿ ಮತ್ತು ಸನ್ನೆಕೋಲಿನ ಉಪಾಯದಿಂದ ಭಾರ ಎತ್ತುವ ವಿದ್ಯೆಯೂ ಮಲಬಾರಿನಲ್ಲಿ ಬೆಳೆದಿತ್ತು. 1988ರ ಪೆರುಮಣ್ ರೈಲು ದುರಂತದಲ್ಲಿ ಅಷ್ಟಮುಡಿ ಹಿನ್ನೀರಿಗೆ ಬಿದ್ದ ಬೋಗಿಗಳನ್ನು ಮೇಲೆತ್ತಲು ಬೇಪೂರಿನ ಖಲಾಸಿಗಳನ್ನೇ ಕರೆಸಿದ್ದರೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಕುಮೇರಿ ಮಾಡುತ್ತಿದ್ದವರು ಇದಕ್ಕಿಂತಲೂ ಸುಲಭದ ದಾರಿ ಹಿಡಿದಿದ್ದರು. ಅವರು ಕುತ್ತಿಯನ್ನು ಕೀಳುತ್ತಲೇ ಇರಲಿಲ್ಲ. ಕಡಿದರು, ಸುಟ್ಟರು, ಬೂದಿಯಲ್ಲಿ ಬಿತ್ತಿದರು, ಒಂದೆರಡು ಬೆಳೆ ತೆಗೆದು ಮುಂದೆ ಹೋದರು. ಉಳಿದ ಕುತ್ತಿಗಳು ಚಿಗುರಿ ಕಾಡು ಮತ್ತೆ ಎದ್ದಿತು. ಒಂದೇ ಜಾಗದಲ್ಲಿ ಕಂಗು ತೆಂಗು ನೆಟ್ಟು ಕುಳಿತ ನಮ್ಮಂಥವರಿಗೆ ಆ ದಾರಿ ಹೊಂದುವುದಿಲ್ಲ.

ಹೊಂದದಿರಲು ಕಾರಣವೂ ಇದೆ. ಅಡಿಕೆ ತೋಟದ ಅಣಬೆ ರೋಗವನ್ನು ಕಂಡವರಿಗೆ ಗೊತ್ತು: ಸತ್ತ ಮರವನ್ನು ಕಡಿದು ಬುಡ ಬಿಟ್ಟರೆ ರೋಗ ಬೇರಿನ ಮೂಲಕ ಪಕ್ಕದ ಮರಕ್ಕೆ ಹೋಗುತ್ತದೆ. ಬುಡಸಹಿತ ಕಿತ್ತು ಸುಡಬೇಕು, ಸುತ್ತ ಎರಡಡಿ ಆಳದ ಕಣಿ ತೋಡಿ ಪ್ರತ್ಯೇಕಿಸಬೇಕು. ಕೊಳೆಯುವ ತೆಂಗಿನ ಬೊಡ್ಡೆ ಕುರುವಾಯಿ ಹುಳುವಿನ ತವರುಮನೆ. ಗೇರುಮರದ ಕಾಂಡ ಕೊರೆಯುವ ಹುಳು ಸತ್ತ ಮರದ ಬುಡದಲ್ಲೂ ಬೇರಿನಲ್ಲೂ ಸಂಸಾರ ಹೂಡುತ್ತದೆ. ವಿಷ ಹಾಕಿ ಕುತ್ತಿಯನ್ನು ಕೊಲ್ಲುವ ಕ್ರಮ ಬೇರೆ ದೇಶಗಳಲ್ಲಿ ಉಂಟು. ಆದರೆ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದುದನ್ನು ಕಂಡ ಈ ಜಿಲ್ಲೆಯಲ್ಲಿ ಅಂಥ ಡಬ್ಬಿಯನ್ನು ಹಿತ್ತಿಲಿಗೆ ತರುವ ಮನಸ್ಸು ಯಾರಿಗೂ ಬಾರದು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿತು. ಅದು ಬಿಟ್ಟುಹೋದ ನೋವು ಇನ್ನೂ ಎಷ್ಟೋ ಮನೆಗಳ ಚಾವಡಿಯಲ್ಲಿ ಮಲಗಿದೆ.

ಆದುದರಿಂದ ಯಂತ್ರವೇ ಬರಬೇಕಾಯಿತು. ಕೂಲಿಗೆ ಜನ ಸಿಗದಿರುವುದು ಒಂದು ಕಡೆ, ಸಿಕ್ಕಿದರೂ ಹಾರೆ ಹಿಡಿದು ಬೇರು ಬಿಡಿಸುವ ಕಸುಬು ಬಲ್ಲವರು ಕಡಿಮೆಯಾಗಿರುವುದು ಇನ್ನೊಂದು ಕಡೆ. ಹಳದಿ ಬಣ್ಣದ ಯಾವ ಯಂತ್ರ ಕಂಡರೂ ನಮ್ಮವರು ಜೆಸಿಬಿ ಎನ್ನುತ್ತಾರೆ. ಸರಪಳಿಯ ಮೇಲೆ ನಡೆಯುವುದಾದರೆ ಹಿಟಾಚಿ. ಜೆಸಿಬಿ ಎಂಬುದು ಇಂಗ್ಲೆಂಡಿನಲ್ಲಿ 1945ರಲ್ಲಿ ಕಂಪೆನಿ ತೊಡಗಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬವನ ಹೆಸರಿನ ಮೊದಲಕ್ಷರಗಳೆಂಬುದನ್ನು ಹೇಳಿದರೆ ನಮ್ಮ ವಿದ್ಯಾರ್ಥಿಗಳು ನಂಬಲು ಒಪ್ಪುವುದಿಲ್ಲ. ಮೂಲದಲ್ಲಿ ಇದೂ ಟ್ರ್ಯಾಕ್ಟರಿನ ವಂಶವೇ. ಟ್ರ್ಯಾಕ್ಟರಿನ ಮುಂದೆ ಎರಡು ಕಬ್ಬಿಣದ ತೋಳು ಕಟ್ಟಿ, ತುದಿಗೆ ಮಣ್ಣು ಕೋರುವ ಬಕೆಟಿನ ಬದಲು ಬೆರಳುಗಳಿರುವ ಇಕ್ಕಳವನ್ನು ಜೋಡಿಸಿದರೆ, ಸಣ್ಣ ಮರ, ಪೊದೆ, ಕುತ್ತಿಗಳನ್ನು ಹಿಡಿದು ಎಳೆಯುವ ಸಾಧನವಾಯಿತು. ಏಡಿಯ ಕೊಂಬನ್ನು ನೋಡಿದವರಿಗೆ ಇದರ ರೂಪವನ್ನು ಬೇರೆ ವರ್ಣಿಸಬೇಕಾಗಿಲ್ಲ.

ಇದರ ಬಲ ಎಲ್ಲಿಂದ ಬಂತು? ಹದಿನೇಳನೆಯ ಶತಮಾನದ ಫ್ರಾನ್ಸಿನ ಪಾಸ್ಕಲ್ ಕಂಡುಹಿಡಿದ ನಿಯಮದಿಂದ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ತರಗತಿಯಲ್ಲಿ ನಾವು ಇದನ್ನು ಎರಡು ಸಿರಿಂಜುಗಳಿಗೆ ನಳಿಗೆ ಜೋಡಿಸಿ, ನೀರು ತುಂಬಿ ತೋರಿಸುವುದುಂಟು. ಸಣ್ಣ ಸಿರಿಂಜನ್ನು ಒಬ್ಬ ಪುಟ್ಟ ಹುಡುಗಿ ಒತ್ತಿದರೆ, ದೊಡ್ಡ ಸಿರಿಂಜನ್ನು ಅದುಮಿ ಹಿಡಿದ ದಾಂಡಿಗ ಹುಡುಗನ ಹೆಬ್ಬೆರಳು ಹಿಂದೆ ಸರಿಯುತ್ತದೆ. ಯಂತ್ರದಲ್ಲಿ ನೀರಿನ ಬದಲು ಎಣ್ಣೆ. ಲೆಕ್ಕ ಹಾಕಿ ನೋಡೋಣ. ಒಳವ್ಯಾಸ 6 ಸೆಂಟಿಮೀಟರು ಇರುವ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರು. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 180 ಕಿಲೋ ಇದ್ದರೆ ದಂಡವನ್ನು ತಳ್ಳುವ ಬಲ 5 ಟನ್ನು! ತೋಳು ಉದ್ದವಿರುವುದರಿಂದ ಅದೆಲ್ಲವೂ ಇಕ್ಕಳದ ತುದಿಗೆ ತಲಪುವುದಿಲ್ಲ ನಿಜ. ತಲಪಿದಷ್ಟೇ ಮಣಿಕಟ್ಟಿನ ಗಾತ್ರದ ಅಕೇಶಿಯಾವನ್ನು ಹುಲ್ಲಿನಂತೆ ಕೀಳಲು ಸಾಕು.

ಹಾಗೆಂದು ಬಲವೊಂದಿದ್ದರೆ ಕೆಲಸವಾಯಿತೆಂದು ತಿಳಿಯಬಾರದು. ಐವತ್ತು ಕುದುರೆಶಕ್ತಿಯ ಟ್ರ್ಯಾಕ್ಟರಿನ ಸ್ವಂತ ತೂಕ ಎರಡು, ಎರಡೂವರೆ ಟನ್ನು. ಭೂಮಿ ಬಿಗಿಯಾಗಿ ಹಿಡಿದಿರುವ ಕುತ್ತಿಯನ್ನು ನೇರವಾಗಿ ಮೇಲಕ್ಕೆಳೆದರೆ ಕುತ್ತಿ ಬರುವುದಿಲ್ಲ, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳೇ ನೆಲ ಬಿಟ್ಟು ಏಳುತ್ತವೆ. ಹಿಂಭಾರ ಕಟ್ಟುವುದು ಅದಕ್ಕಾಗಿ. ಬಲ್ಲ ಚಾಲಕನು ಎಳೆಯುವುದಕ್ಕಿಂತ ಮೊದಲು ತಳ್ಳುತ್ತಾನೆ. ಒಂದು ಬದಿಯ ಬೇರುಗಳನ್ನು ಕಡಿದು, ಮರವನ್ನು ಎತ್ತರದಲ್ಲಿ ಹಿಡಿದು ಎದುರು ಬದಿಗೆ ಬಾಗಿಸುತ್ತಾನೆ. ಬುಡದ ಮಣ್ಣು ಬಿರಿದು ಬೇರು ಎದ್ದ ಮೇಲೆ ಕೆಳಗೆ ಇಕ್ಕಳ ಹಾಕಿ ಎತ್ತುತ್ತಾನೆ. ಇಲ್ಲಿಯೇ ನಮ್ಮ ಕೃಷಿಕರು ಸಾಮಾನ್ಯವಾಗಿ ಎಡವುವುದು. ಯಂತ್ರ ಬರುವ ಮುನ್ನವೇ ಮರವನ್ನು ನೆಲಮಟ್ಟಕ್ಕೆ ಕಡಿದು ಮಾರಿಬಿಡುತ್ತಾರೆ. ಗೇಣುದ್ದದ ಕುತ್ತಿಯಲ್ಲಿ ಹಿಡಿತವೂ ಇಲ್ಲ, ಸನ್ನೆಯೂ ಇಲ್ಲ. ಒಂದಡಿ ಎತ್ತರದಲ್ಲಿ ತಳ್ಳುವುದಕ್ಕೂ ಐದಡಿ ಎತ್ತರದಲ್ಲಿ ತಳ್ಳುವುದಕ್ಕೂ ಪರಿಣಾಮದಲ್ಲಿ ಐದು ಪಾಲು ವ್ಯತ್ಯಾಸ. ಎದೆಮಟ್ಟದ ಕಾಂಡ ಉಳಿಸಿದರೆ ಅಷ್ಟು ಮರ ಕಡಿಮೆ ಮಾರಾಟವಾದೀತು. ಗಂಟೆಗೆ ಸಾವಿರ ರೂಪಾಯಿ ದಾಟಿದ ಬಾಡಿಗೆಯಲ್ಲಿ ಅದು ಇಮ್ಮಡಿಯಾಗಿ ಹಿಂದೆ ಬರುತ್ತದೆ.

ಕಾಲವನ್ನೂ ನೋಡಬೇಕು. ನಮ್ಮದು ಮುರಕಲ್ಲಿನ ನೆಲ. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟು 1807ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಒಳಗಿರುವಾಗ ಮೆತ್ತಗೆ, ಬಿಸಿಲು ಗಾಳಿ ತಾಗಿದರೆ ಬಂಡೆ. ಮೇಷ ಮಾಸದ ಬಿಸಿಲಲ್ಲಿ ಎಳೆದರೆ ಬೇರು ನಡುವೆ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಆಟಿಯ ಮಳೆಯಲ್ಲಿ ಚಕ್ರ ಹೂತು ತೋಟವೆಲ್ಲ ಕೆಸರು. ತುಲಾ ಮಾಸದ ಮಳೆ ಮುಗಿದು ನೆಲ ಇನ್ನೂ ಹಸಿಯಾಗಿರುವ ವೃಶ್ಚಿಕವೇ ಇದಕ್ಕೆ ಹದವಾದ ಕಾಲವೆಂದು ನಮಗೆ ತೋರುತ್ತದೆ.

ಈ ನೆಲದಲ್ಲಿ ಮಣ್ಣೆಂಬುದು ಎಷ್ಟಿದೆ? ಪದವುಗಳಲ್ಲಿ ಗೇಣು, ಕೆಲವೆಡೆ ಅದೂ ಇಲ್ಲ. ಬಕೆಟು ಹಾಕಿ ತಳ್ಳಿಸಿದರೆ ಪೊದೆ, ಕುತ್ತಿ, ತರಗೆಲೆ, ಎರೆಹುಳು ಎಲ್ಲವೂ ಒಟ್ಟಿಗೆ ಮೂಲೆಗೆ ಹೋಗಿ ಗುಪ್ಪೆ ಬೀಳುತ್ತವೆ. ಹಿತ್ತಿಲು ಕಾಣಲು ಚೊಕ್ಕಟವಾಗುತ್ತದೆ. ಮರುವರ್ಷ ನೆಟ್ಟ ಸಸಿ ಏಳುವುದಿಲ್ಲ. ಮಾಲಿಕ ಗೊಬ್ಬರದ ಅಂಗಡಿಗೆ ಓಡುತ್ತಾನೆ. ಅವನ ಗೊಬ್ಬರ ಮೂಲೆಯ ಗುಪ್ಪೆಯಲ್ಲಿ ಕಾಡು ಬೆಳೆಸುತ್ತಿರುತ್ತದೆ. ಬೆರಳಿರುವ ಇಕ್ಕಳದ ದೊಡ್ಡ ಉಪಕಾರ ಇಲ್ಲಿದೆ. ಬೆರಳ ಸಂದಿನಿಂದ ಮಣ್ಣು ಉದುರುತ್ತದೆ. ಕುತ್ತಿಯನ್ನು ಎತ್ತಿ, ನಾಲ್ಕು ಸಲ ಕೊಡವಿ, ಎರಡು ದಿನ ಬೇರು ಒಣಗಲು ಬಿಟ್ಟು, ಮತ್ತೊಮ್ಮೆ ಕೊಡವಿದರೆ ಮೇಲ್ಮಣ್ಣು ಬಹುಪಾಲು ಇದ್ದಲ್ಲೇ ಉಳಿಯುತ್ತದೆ. ಆದರೆ ಗಂಟೆಯ ಲೆಕ್ಕದ ಬಾಡಿಗೆಯಲ್ಲಿ ಕೊಡವಲು ಯಾರಿಗೆ ತಾಳ್ಮೆ? ಮಾಲಿಕನೇ ನಿಂತು ಹೇಳಬೇಕು.

ಇಳಿಜಾರಿನಲ್ಲಿ ಮಾತ್ರ ಹೇಳುವ ಮಾತು ಬೇರೆ. ವರ್ಷಕ್ಕೆ 3,000 ಮಿಲಿಮೀಟರು ಮೀರಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಕಡಿದಾದ ಗುಡ್ಡೆಯ ಮಗ್ಗುಲಲ್ಲಿ ಸತ್ತ ಕುತ್ತಿಯ ಬೇರು ಕೂಡ ಕೆಲವು ವರ್ಷ ಮಣ್ಣನ್ನು ಹಿಡಿದಿರುತ್ತದೆ. ಅದನ್ನು ಕಿತ್ತ ಕುಳಿಯಲ್ಲಿ ನೀರು ನಿಂತು ಒಳಗಿಳಿದರೆ ಗುಡ್ಡೆಯೇ ಸಡಿಲಾಗುತ್ತದೆ. 2019ರ ಆಗಸ್ಟ್ 8ರಂದು ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಜರಿದು 59 ಮಂದಿ ಮಡಿದಾಗ, ಮೇಲಿನ ಇಳಿಜಾರಿನಲ್ಲಿ ರಬ್ಬರ್ ಮರುನಾಟಿಗಾಗಿ ಯಂತ್ರದಿಂದ ಮಣ್ಣು ಅಗೆದ ವಿಷಯ ಚರ್ಚೆಗೆ ಬಂದಿತ್ತು. ಮೂಲಕಾರಣ ಅತಿವೃಷ್ಟಿ ಎಂಬುದರಲ್ಲಿ ಸಂದೇಹವಿಲ್ಲ. 2024ರ ಜುಲೈ 30ರ ವಯನಾಡಿನ ದುರಂತವಂತೂ ಕಾಡಿನ ನೆತ್ತಿಯಿಂದಲೇ ಹೊರಟದ್ದು. ಅದನ್ನು ಯಾವ ಜೆಸಿಬಿಯ ತಲೆಗೂ ಕಟ್ಟುವಂತಿಲ್ಲ. ಆದರೂ ಮಳೆಗೆ ನಾವೇ ಕುಳಿ ತೋಡಿಕೊಡಬೇಕೆ? ಇಳಿಜಾರಿನಲ್ಲಿ ಕುತ್ತಿಯನ್ನು ನೆಲಮಟ್ಟಕ್ಕೆ ಕಡಿದು ಬಿಟ್ಟು, ಚಿಗುರಿದಂತೆಲ್ಲ ಕತ್ತಿಯಿಂದ ಸವರುತ್ತಿದ್ದರೆ ಸಾಕು. ಗೊಬ್ಬರದ ಗಿಡದಂತಹ ಹಟಮಾರಿಯಾದರೆ ಎರಡು ಮೂರು ವರ್ಷ ಹಿಡಿದೀತು. ಹಿಡಿಯಲಿ, ಆ ಚಿಗುರು ತೋಟಕ್ಕೆ ಸೊಪ್ಪಾಗುತ್ತದೆ.

ಕಳೆದ ವೃಶ್ಚಿಕದಲ್ಲಿ ಎಣ್ಮಕಜೆ ಕಡೆಯ ಒಂದು ಹಿತ್ತಿಲಿನಲ್ಲಿ ಈ ಕೆಲಸವನ್ನು ನೋಡುವ ಅವಕಾಶ ನಮಗೆ ಸಿಕ್ಕಿತು. ಹಳೆಯ ಗೇರುಮರಗಳು, ನಡುವೆ ಹಬ್ಬಿದ ಅಕೇಶಿಯಾ. ಬೆಳಗ್ಗೆ ಆರಂಭಿಸಿ ಮಧ್ಯಾಹ್ನದ ಹೊತ್ತಿಗೆ ಮೇಲಿನ ಅಂಚಿಗೆ ಬಂದಿದ್ದರು. ಆಗ ಮನೆಯ ಅಜ್ಜಿ, ಎಂಬತ್ತು ದಾಟಿದವರು, ಕೋಲೂರಿಕೊಂಡು ಬಂದು ಯಂತ್ರದ ಎದುರು ನಿಂತರು.

“ಇನ್ನು ಮೇಲೆ ಹೋಗುವುದು ಬೇಡ ಮಗಾ. ಅಡಿಯಲ್ಲಿ ಸುರಂಗ ಉಂಟು” ಎಂದರು.

ಚಾಲಕ ಪಾಲಕ್ಕಾಡಿನ ಕಡೆಯ ಹುಡುಗ. ಅವನಿಗೆ ಮಾತು ತಿಳಿಯಲಿಲ್ಲ. ನಿಂತ ರೀತಿ ತಿಳಿಯಿತು. ಯಂತ್ರ ನಿಲ್ಲಿಸಿದ. ಮನೆಯ ಯಜಮಾನರಿಗೆ ಸುರಂಗದ ಬಾಯಿ ಎಲ್ಲಿದೆಯೆಂದು ಗೊತ್ತಿತ್ತು; ಅದು ಒಳಗೆ ಎಡಕ್ಕೆ ತಿರುಗಿದ್ದು ಗೊತ್ತಿರಲಿಲ್ಲ. “ನಿನ್ನ ಅಜ್ಜ ತೋಡಿಸಿದ್ದಲ್ಲವೋ, ದೀಪ ಹಿಡಿದವಳು ನಾನು” ಎಂದರು ಅಜ್ಜಿ. ಹಾರೆಯಿಂದ ಕುಟ್ಟುತ್ತಾ ಹೋದಾಗ ಗೇರುಮರವೊಂದರ ಬುಡದಿಂದ ನಾಲ್ಕು ಮಾರು ದೂರದಲ್ಲಿ ನೆಲದ ಸದ್ದು ಬದಲಾಯಿತು. ಆ ಸಾಲಿನ ನಾಲ್ಕು ಮರಗಳನ್ನು ಯಂತ್ರಕ್ಕೆ ಕೊಡದೆ ಕೈಯಿಂದಲೇ ಕಡಿಸಿದರು, ಕುತ್ತಿ ಕೀಳಲಿಲ್ಲ.

ಬಾಯಾರು, ಪೈವಳಿಕೆ, ಪೆರ್ಲದ ಕಡೆಯ ಓದುಗರಿಗೆ ಸುರಂಗದ ಬೆಲೆಯನ್ನು ನಾವು ಹೇಳಬೇಕೆ? ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಮುರಕಲ್ಲನ್ನು ಅಡ್ಡಲಾಗಿ ಕೊರೆದು ತಂದ ನೀರು. ಪಂಪು ಬೇಡ, ಕರೆಂಟು ಬೇಡ. ಎಷ್ಟೋ ಮನೆಗಳಿಗೆ ಕುಡಿಯಲೂ ತೋಟಕ್ಕೂ ಅದೇ ಆಧಾರ. ಹಳೆಯ ಸುರಂಗಗಳು ಯಾವ ಸರ್ವೆ ನಕ್ಷೆಯಲ್ಲೂ ಇಲ್ಲ, ತೋಡಿದವರ ಮತ್ತು ದೀಪ ಹಿಡಿದವರ ನೆನಪಿನಲ್ಲಿವೆ. ಹಲವು ಟನ್ನಿನ ಯಂತ್ರ ಅದರ ಮೇಲೆ ಓಡಾಡಿ, ಕುತ್ತಿಯನ್ನು ಅಲುಗಿಸಿ ಎಳೆದು, ಒಳಗೆ ಮಾಡು ಕುಸಿದರೆ ಮೇಲಿನವರಿಗೆ ತಿಳಿಯುವುದು ಮೇಷ ಮಾಸದಲ್ಲಿ, ನೀರು ನಿಂತಾಗ. ಯಂತ್ರದ ಮುಂಗಡ ಕೊಡುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಗುಡ್ಡೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ನಡೆಯಲಾರದವರಾದರೆ ಕುರ್ಚಿಯಲ್ಲಿ ಕುಳ್ಳಿರಿಸಿಯಾದರೂ.

ಚಾಲಕನ ಜೀವದ ವಿಷಯವನ್ನೂ ಹೇಳದಿದ್ದರೆ ಲೇಖನ ಅಪೂರ್ಣ. ಇಕ್ಕಳವಿಲ್ಲದ ಕಡೆ ಕೆಲವರು ಟ್ರ್ಯಾಕ್ಟರಿನ ಹಿಂಬದಿಗೆ ಸರಪಳಿ ಕಟ್ಟಿ ಕುತ್ತಿಯನ್ನು ಎಳೆಯುತ್ತಾರೆ. ಸರಪಳಿಯನ್ನು ಕೆಳಗಿನ ಕೊಂಡಿಗಲ್ಲದೆ ಎತ್ತರದಲ್ಲಿ ಎಲ್ಲಿಗಾದರೂ ಕಟ್ಟಿದರೆ, ಕುತ್ತಿ ಅಲುಗದಿದ್ದಾಗ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರು ಹಿಮ್ಮುಖವಾಗಿ ಚಾಲಕನ ಮೇಲೆಯೇ ಮಗುಚುತ್ತದೆ. ಹಾರಿಬಿಡಲು ವೇಳೆ ಇರುವುದಿಲ್ಲ. ಎತ್ತಿದ ಮರದ ಕೊಂಬೆ ವಿದ್ಯುತ್ ತಂತಿಗೆ ತಾಗುವುದು ಇನ್ನೊಂದು ಅಪಾಯ. ಇಕ್ಕಳವನ್ನು ನೆಲದ ಸಮೀಪ ಇಟ್ಟುಕೊಂಡೇ ಸಾಗಬೇಕು. ಮೇಲಕ್ಕೆತ್ತಿಕೊಂಡು ಅಡ್ಡ ಇಳಿಜಾರಿನಲ್ಲಿ ಹೋಗುವುದು ಮಗುಚಲು ಆಹ್ವಾನ ಕೊಟ್ಟಂತೆ. ಮಕ್ಕಳು ಜೆಸಿಬಿ ನೋಡಲು ಓಡಿಬರುವುದು ಸಹಜ, ದೊಡ್ಡವರೂ ಬರುತ್ತಾರೆ. ಮರದ ಎತ್ತರದ ಎರಡು ಪಾಲಿನಷ್ಟು ದೂರದಲ್ಲಿ ಒಂದು ಹಗ್ಗ ಕಟ್ಟಿದರೆ ನೋಡುವುದಕ್ಕೇನೂ ಕುಂದಿಲ್ಲ.

ಉಳಿದದ್ದು ಕಿತ್ತ ಕುತ್ತಿಗಳ ಗತಿ. ಸೌದೆಯವರು ಇದನ್ನು ಮುಟ್ಟುವುದಿಲ್ಲ, ಬೇರಿನ ನಡುವೆ ಸಿಕ್ಕಿದ ಮುರಕಲ್ಲಿನ ಚೂರು ಗರಗಸದ ಹಲ್ಲು ತೆಗೆಯುತ್ತದೆ. ಹಸಿಯಿರುವಾಗ ಬೆಂಕಿ ಹಿಡಿಯದು, ಹಿಡಿದರೆ ವಾರಗಟ್ಟಲೆ ಹೊಗೆಯಾಡುತ್ತದೆ. ಒಂದು ಬೇಸಗೆ ಮಳೆ ತಾಗದಂತೆ ಮುಚ್ಚಿ ಒಣಗಿಸಿದರೆ ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಒಲೆಗೂ ಇದರಷ್ಟು ಬಾಳಿಕೆಯ ಕಟ್ಟಿಗೆ ಬೇರೆ ಇಲ್ಲ. ರೋಗದ ಬುಡವಾದರೆ ಒಣಗುವವರೆಗೆ ತೋಟದ ಬದಿಯಲ್ಲಿ ಇಡಬಾರದು. ಕುಳಿಗಳನ್ನು ಎಡವಪಾತಿ ಬರುವ ಮೊದಲೇ, ಅದೇ ಮಣ್ಣಿನಿಂದ, ಮೆಟ್ಟಿ ಮೆಟ್ಟಿ ತುಂಬಬೇಕು. ಮಳೆಗೆ ಮಣ್ಣು ಕುಗ್ಗುವುದರಿಂದ ನೆಲಮಟ್ಟಕ್ಕಿಂತ ಗೇಣು ಎತ್ತರ ಇರಲಿ. ಎಣ್ಮಕಜೆಯ ಆ ಹಿತ್ತಿಲಿನಲ್ಲಿ ಈ ಕೆಲಸಕ್ಕೆ ಯಂತ್ರವಿರಲಿಲ್ಲ. ಅದು ಮರುದಿನ ಬೆಳಗ್ಗೆಯೇ ಇನ್ನೊಂದು ಗುಡ್ಡೆಗೆ ಹೋಗಿತ್ತು. ಮನೆಯವರೇ ಹಾರೆ, ಬುಟ್ಟಿ ಹಿಡಿದು ಎಂಟು ದಿನ ಮಣ್ಣು ತುಂಬಿದರು.