ಕಚೇರಿ ಗಣಕಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ: ಡಿಸ್ಕ್ ವಿಭಜನೆಯ ಎರಡು ಪದ್ಧತಿಗಳು ಮತ್ತು ದಾಖಲೆಗಳ ಸುರಕ್ಷತೆ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿದೆ. ಹಣ ಪಾವತಿಸಿ ವಿಸ್ತರಿತ ಸೇವೆ ಪಡೆಯುವ ಸಂಸ್ಥೆಗಳಿಗೆ ಗರಿಷ್ಠ ಮೂರು ವರ್ಷಗಳ ಕಾಲ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ. ಉಳಿದಂತೆ, ವಿಂಡೋಸ್ 10 ಇರುವ ಗಣಕಯಂತ್ರಗಳಿಗೆ ವಿಂಡೋಸ್ 11 ಅಥವಾ ಬೇರೊಂದು ಆಪರೇಟಿಂಗ್ ಸಿಸ್ಟಂ ಅಳವಡಿಸುವ ಅಗತ್ಯ ಎದುರಾಗಿದೆ. ಈ ಕಾರ್ಯವನ್ನು ತಂತ್ರಜ್ಞರು ನಿರ್ವಹಿಸುತ್ತಾರಾದರೂ, ವೆಚ್ಚಕ್ಕೆ ಅನುಮೋದನೆ ನೀಡುವವರು ಮತ್ತು ಪಂಚಾಯತಿಯ ದಾಖಲೆಗಳಿಗೆ ಜನರ ಮುಂದೆ ಉತ್ತರಿಸಬೇಕಾದವರು ಚುನಾಯಿತ ಸದಸ್ಯರು. ಆದುದರಿಂದ ಅಳವಡಿಕೆಯ ಸಮಯದಲ್ಲಿ ಡಿಸ್ಕ್‌ಗೆ ಏನಾಗುತ್ತದೆ ಎಂಬುದನ್ನು ಸದಸ್ಯರು ಸ್ಥೂಲವಾಗಿಯಾದರೂ ಅರಿತಿರುವುದು ಅವಶ್ಯಕ.

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ ದಾಖಲಾದ ಮಾಹಿತಿಯು ರಾಜ್ಯ ಮಟ್ಟದ ಸರ್ವರ್‌ನಲ್ಲಿ ಇರುತ್ತದೆ. ಕಚೇರಿಯ ಗಣಕಯಂತ್ರ ಕೆಟ್ಟರೂ ಆ ಮಾಹಿತಿಗೆ ಧಕ್ಕೆಯಾಗದು. ಆದರೆ ಸಭಾ ನಡಾವಳಿಗಳ ಕರಡು, ಗ್ರಾಮ ಸಭೆಯ ಠರಾವುಗಳು, ಹಳೆಯ ತೆರಿಗೆ ಬೇಡಿಕೆ ವಹಿಗಳ ಸ್ಕ್ಯಾನ್ ಪ್ರತಿಗಳು, ಕಾಮಗಾರಿಗಳ ಛಾಯಾಚಿತ್ರಗಳು, ಪತ್ರ ವ್ಯವಹಾರದ ಕಡತಗಳು ಸಾಮಾನ್ಯವಾಗಿ ಆ ಗಣಕಯಂತ್ರದ ಡಿಸ್ಕ್‌ನಲ್ಲಿ ಮಾತ್ರ ಇರುತ್ತವೆ. ಅವು ಅಳಿದರೆ ಸರ್ವರ್‌ನಿಂದ ಮರಳಿ ಪಡೆಯಲು ಸಾಧ್ಯವಿಲ್ಲ.

ಗಣಕಯಂತ್ರ ಆರಂಭವಾಗುವ ಎರಡು ವಿಧಾನಗಳು

ಗಣಕಯಂತ್ರದ ಗುಂಡಿ ಒತ್ತಿದೊಡನೆ ವಿಂಡೋಸ್ ತಾನಾಗಿಯೇ ತೆರೆದುಕೊಳ್ಳುವುದಿಲ್ಲ. ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿರುವ ಚಿಕ್ಕ ತಂತ್ರಾಂಶವು ಮೊದಲು ಎಚ್ಚರಗೊಂಡು, ಕೀಲಿಮಣೆ, ಪರದೆ, ಡಿಸ್ಕ್ ಮುಂತಾದವುಗಳನ್ನು ಪರೀಕ್ಷಿಸಿ, ಆಪರೇಟಿಂಗ್ ಸಿಸ್ಟಂ ಎಲ್ಲಿದೆ ಎಂದು ಹುಡುಕಿ, ಅದಕ್ಕೆ ಕಾರ್ಯಭಾರ ವಹಿಸಿಕೊಡುತ್ತದೆ. ಈ ಕ್ರಿಯೆಯನ್ನು ಬೂಟ್ ಎನ್ನುತ್ತಾರೆ.

1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್‌ನೊಂದಿಗೆ ಬಂದ ಬಯೋಸ್ ಎಂಬ ತಂತ್ರಾಂಶವು ಹಲವು ದಶಕಗಳ ಕಾಲ ಈ ಕೆಲಸ ಮಾಡಿತು. ಇದು ಡಿಸ್ಕ್‌ನ ಮೊಟ್ಟಮೊದಲ ತುಣುಕನ್ನು ಓದಿ, ಅಲ್ಲಿರುವ ಪುಟ್ಟ ಆದೇಶವನ್ನು ನಡೆಸುತ್ತದೆ. ಇದರ ಸ್ಥಾನದಲ್ಲಿ ಬಂದ ಹೊಸ ವ್ಯವಸ್ಥೆಯೇ ಯುಇಎಫ್‌ಐ. ಇಂಟೆಲ್ ಸಂಸ್ಥೆ ಆರಂಭಿಸಿದ ಈ ವ್ಯವಸ್ಥೆಯ ಉಸ್ತುವಾರಿಯನ್ನು 2005ರಿಂದ ಹಲವು ಸಂಸ್ಥೆಗಳು ಸೇರಿದ ಯುಇಎಫ್‌ಐ ಫೋರಂ ನೋಡಿಕೊಳ್ಳುತ್ತಿದೆ. ಯುಇಎಫ್‌ಐ ಡಿಸ್ಕ್‌ನ ಮೊದಲ ತುಣುಕನ್ನು ಅವಲಂಬಿಸುವುದಿಲ್ಲ. ಬೂಟ್ ಕಡತಗಳಿಗಾಗಿಯೇ ಮೀಸಲಿಟ್ಟ ಒಂದು ಚಿಕ್ಕ ಪಾರ್ಟಿಷನ್‌ನಿಂದ ಅವುಗಳನ್ನು ಓದುತ್ತದೆ. ಬೂಟ್ ಕಡತಗಳು ಅಧಿಕೃತವೇ ಎಂದು ಪರಿಶೀಲಿಸುವ ಸೆಕ್ಯೂರ್ ಬೂಟ್ ಸೌಲಭ್ಯವೂ ಇದರಲ್ಲಿದೆ.

ನಡುವಿನ ಅವಧಿಯಲ್ಲಿ ಬಂದ ಅನೇಕ ಗಣಕಯಂತ್ರಗಳಲ್ಲಿ ಎರಡೂ ವಿಧಾನಗಳಿವೆ. ಅಂತಹ ಯಂತ್ರಗಳ ಸೆಟ್ಟಿಂಗ್‌ನಲ್ಲಿ ಹಳೆಯ ವಿಧಾನವನ್ನು ಲೆಗಸಿ ಎಂಬ ಹೆಸರಿನಿಂದ ತೋರಿಸಲಾಗುತ್ತದೆ.

ಡಿಸ್ಕ್‌ನ ಚೆಕ್ಕುಬಂದಿ

ಡಿಸ್ಕ್ ಅನ್ನು ಒಂದು ಸರ್ವೆ ನಂಬರಿನ ಜಮೀನಿಗೆ ಹೋಲಿಸಬಹುದು. ಅದನ್ನು ನಿವೇಶನಗಳಾಗಿ ವಿಂಗಡಿಸಿದಂತೆ ಡಿಸ್ಕ್ ಅನ್ನು ಪಾರ್ಟಿಷನ್‌ಗಳಾಗಿ ವಿಂಗಡಿಸುತ್ತಾರೆ. ಸಿ ಡ್ರೈವ್, ಡಿ ಡ್ರೈವ್ ಎಂದು ಕಾಣುವುದು ಇವೇ. ಯಾವ ನಿವೇಶನ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬ ಚೆಕ್ಕುಬಂದಿಯನ್ನು ಬರೆದಿಡುವ ವಹಿಯೊಂದು ಡಿಸ್ಕ್‌ನಲ್ಲಿಯೇ ಇರುತ್ತದೆ. ಆ ವಹಿಯನ್ನು ಬರೆಯುವ ಪದ್ಧತಿಗಳು ಎರಡು.

ಮೊದಲನೆಯದು ಎಂಬಿಆರ್. ಇದು 1983ರಲ್ಲಿ ಪಿಸಿ ಡಾಸ್ 2.0 ಜೊತೆಗೆ ಬಳಕೆಗೆ ಬಂದಿತು. ಡಿಸ್ಕ್‌ನ ಮೊದಲ 512 ಬೈಟ್‌ಗಳ ತುಣುಕಿನಲ್ಲಿ ಬೂಟ್ ಆದೇಶವೂ ಚೆಕ್ಕುಬಂದಿಯೂ ಒಟ್ಟಿಗೆ ಅಡಕವಾಗಿವೆ. ಚೆಕ್ಕುಬಂದಿಗೆ ದೊರೆಯುವ ಸ್ಥಳ 64 ಬೈಟ್‌ಗಳು ಮಾತ್ರ. ಅದರಲ್ಲಿ ನಾಲ್ಕು ಪ್ರಧಾನ ಪಾರ್ಟಿಷನ್‌ಗಳನ್ನಷ್ಟೇ ದಾಖಲಿಸಬಹುದು. ಹೆಚ್ಚಿಗೆ ಬೇಕಾದಲ್ಲಿ ಒಂದನ್ನು ವಿಸ್ತರಿತ ಪಾರ್ಟಿಷನ್ ಎಂದು ಗುರುತಿಸಿ ಅದರೊಳಗೆ ಉಪವಿಭಾಗಗಳನ್ನು ಮಾಡಬೇಕಾಗುತ್ತದೆ. ಸಾಮಾನ್ಯ ಡಿಸ್ಕ್‌ಗಳಲ್ಲಿ ಸುಮಾರು 2.2 ಟೆರಾಬೈಟ್‌ಗಿಂತ ಆಚೆಗಿನ ಸ್ಥಳವನ್ನು ಈ ಪದ್ಧತಿ ಗುರುತಿಸಲಾರದು. ವಹಿಯ ಪ್ರತಿ ಒಂದೇ ಆಗಿರುವುದರಿಂದ, ಆ ಮೊದಲ ತುಣುಕು ಕೆಟ್ಟರೆ ನಿವೇಶನಗಳು ಇದ್ದಲ್ಲಿಯೇ ಇದ್ದರೂ ಅವುಗಳ ಗಡಿ ತಿಳಿಯದಂತಾಗುತ್ತದೆ.

ಎರಡನೆಯದು ಜಿಪಿಟಿ. ಇದು ಯುಇಎಫ್‌ಐ ವ್ಯವಸ್ಥೆಯ ಭಾಗವಾಗಿ ರೂಪುಗೊಂಡಿತು. ಇದರಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಅವಕಾಶವಿದೆ. ಚೆಕ್ಕುಬಂದಿ ವಹಿಯ ಒಂದು ಪ್ರತಿ ಡಿಸ್ಕ್‌ನ ಆರಂಭದಲ್ಲಿಯೂ ಮತ್ತೊಂದು ಪ್ರತಿ ಕೊನೆಯಲ್ಲಿಯೂ ಇರುತ್ತದೆ. ವಹಿಯಲ್ಲಿ ದೋಷ ಉಂಟಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆಯೂ ಅದರಲ್ಲಿ ನಮೂದಾಗಿರುತ್ತದೆ.

ಯಾವುದಕ್ಕೆ ಯಾವುದು ಹೊಂದುತ್ತದೆ

ವಿಂಡೋಸ್ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಯುಇಎಫ್‌ಐ ವಿಧಾನದಲ್ಲಿ ಆರಂಭವಾಗುವ ವಿಂಡೋಸ್ ಜಿಪಿಟಿ ಡಿಸ್ಕ್‌ನಲ್ಲಿರಬೇಕು. ಲೆಗಸಿ ವಿಧಾನದಲ್ಲಿ ಆರಂಭವಾಗುವ ವಿಂಡೋಸ್ ಎಂಬಿಆರ್ ಡಿಸ್ಕ್‌ನಲ್ಲಿರಬೇಕು. ಈ ನಿಯಮ ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್‌ಗೆ ಮಾತ್ರ ಅನ್ವಯಿಸುತ್ತದೆ. ಕಡತಗಳನ್ನಷ್ಟೇ ಇಡುವ ಎರಡನೆಯ ಡಿಸ್ಕ್ ಯಾವ ಪದ್ಧತಿಯಲ್ಲಿದ್ದರೂ ವಿಂಡೋಸ್ ಅದನ್ನು ಓದಬಲ್ಲದು.

ವಿಂಡೋಸ್ 10 ಎರಡೂ ವಿಧಾನಗಳಲ್ಲಿ ಕೆಲಸ ಮಾಡುತ್ತಿತ್ತು. ಆದರೆ ವಿಂಡೋಸ್ 11ರ ಅಧಿಕೃತ ಅರ್ಹತೆಗಳಲ್ಲಿ ಯುಇಎಫ್‌ಐ, ಸೆಕ್ಯೂರ್ ಬೂಟ್ ಸಾಮರ್ಥ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಸೇರಿವೆ. ಆದುದರಿಂದ ಇದುವರೆಗೆ ಲೆಗಸಿ ವಿಧಾನದಲ್ಲಿ ನಡೆಯುತ್ತಿದ್ದ ಯಂತ್ರವನ್ನು ವಿಂಡೋಸ್ 11ಕ್ಕೆ ಸಿದ್ಧಗೊಳಿಸುವಾಗ ಬೂಟ್ ವಿಧಾನದ ಜೊತೆಗೆ ಡಿಸ್ಕ್‌ನ ವಿಭಜನಾ ಪದ್ಧತಿಯನ್ನೂ ಬದಲಿಸಬೇಕಾಗುತ್ತದೆ. ದಾಖಲೆಗಳಿಗೆ ಅಪಾಯ ಒದಗುವುದು ಈ ಹಂತದಲ್ಲಿಯೇ.

'ಡಿ ಡ್ರೈವ್ ಸುರಕ್ಷಿತ' ಎಂಬ ನಂಬಿಕೆ

ಕಚೇರಿಗಳಲ್ಲಿ ಬಹುಕಾಲದಿಂದ ಒಂದು ರೂಢಿ ಇದೆ. ವಿಂಡೋಸ್ ಸಿ ಡ್ರೈವ್‌ನಲ್ಲಿರುತ್ತದೆ, ಕಡತಗಳನ್ನು ಡಿ ಡ್ರೈವ್‌ನಲ್ಲಿ ಇಟ್ಟರೆ ಸಾಕು, ಫಾರ್ಮ್ಯಾಟ್ ಮಾಡಿದರೂ ಅವು ಉಳಿಯುತ್ತವೆ ಎಂಬುದು ಆ ರೂಢಿ. ಸಿ ಪಾರ್ಟಿಷನ್ ಒಂದನ್ನೇ ಫಾರ್ಮ್ಯಾಟ್ ಮಾಡುವವರೆಗೆ ಇದು ನಿಜ. ಒಂದು ನಿವೇಶನದ ಮನೆಯನ್ನು ಕೆಡವಿ ಕಟ್ಟಿದರೆ ಪಕ್ಕದ ನಿವೇಶನಕ್ಕೆ ಏನೂ ಆಗದು.

ಆದರೆ ಎಂಬಿಆರ್, ಜಿಪಿಟಿ ಎಂಬುವು ಒಂದು ಪಾರ್ಟಿಷನ್‌ಗೆ ಸಂಬಂಧಿಸಿದವಲ್ಲ. ಇಡೀ ಡಿಸ್ಕ್‌ಗೆ ಸಂಬಂಧಿಸಿದವು. ಸಿ ಡ್ರೈವ್ ಜಿಪಿಟಿಯಾಗಿ, ಡಿ ಡ್ರೈವ್ ಎಂಬಿಆರ್ ಆಗಿ ಒಂದೇ ಡಿಸ್ಕ್‌ನಲ್ಲಿ ಇರಲಾರವು. ಅಳವಡಿಕೆಯ ವೇಳೆ ತಂತ್ರಜ್ಞರು ಪದ್ಧತಿ ಬದಲಿಸಲು ಎಲ್ಲ ಪಾರ್ಟಿಷನ್‌ಗಳನ್ನು ಅಳಿಸಿದರೆ, ಅಥವಾ ಡಿಸ್ಕ್‌ಪಾರ್ಟ್ ಎಂಬ ಸಾಧನದಲ್ಲಿ 'ಕ್ಲೀನ್' ಆದೇಶ ನೀಡಿದರೆ, ಚೆಕ್ಕುಬಂದಿ ವಹಿಯೇ ಇಲ್ಲವಾಗುತ್ತದೆ. ಸಿ ಡ್ರೈವ್‌ನೊಂದಿಗೆ ಡಿ ಡ್ರೈವ್ ಕೂಡ ಹೋಗುತ್ತದೆ. ಒಂದೇ ಡಿಸ್ಕ್‌ನ ಇನ್ನೊಂದು ಪಾರ್ಟಿಷನ್‌ನಲ್ಲಿರುವ ಪ್ರತಿಯನ್ನು ಬ್ಯಾಕಪ್ ಎಂದು ಪರಿಗಣಿಸಬಾರದೆಂಬುದಕ್ಕೆ ಇದೇ ಕಾರಣ.

ಪರದೆಯ ಮೇಲೆ ಬರುವ ಸೂಚನೆಯ ಅರ್ಥ

ಅಳವಡಿಕೆಯ ಮಧ್ಯೆ 'ಈ ಡಿಸ್ಕ್‌ನಲ್ಲಿ ವಿಂಡೋಸ್ ಅಳವಡಿಸಲಾಗದು' ಎಂಬ ಅರ್ಥದ ಇಂಗ್ಲಿಷ್ ಸೂಚನೆ ಕಾಣಿಸಿಕೊಳ್ಳಬಹುದು. ಇದು ಡಿಸ್ಕ್ ಕೆಟ್ಟಿದೆ ಎಂಬ ಸೂಚನೆಯಲ್ಲ. ಬೂಟ್ ವಿಧಾನಕ್ಕೂ ವಿಭಜನಾ ಪದ್ಧತಿಗೂ ಹೊಂದಾಣಿಕೆಯಾಗಿಲ್ಲ ಎಂದಷ್ಟೇ ಇದರ ಅರ್ಥ. ಸೂಚನೆಯಲ್ಲಿ ಡಿಸ್ಕ್ ಯಾವ ಪದ್ಧತಿಯದೆಂದು ನಮೂದಿಸಿರುವುದನ್ನು ಗಮನಿಸಿ ಮುಂದುವರಿಯಬೇಕು.

ಡಿಸ್ಕ್ ಜಿಪಿಟಿ ಪದ್ಧತಿಯದೆಂದು ಸೂಚನೆ ಹೇಳಿದರೆ, ಪೆನ್‌ಡ್ರೈವ್ ಲೆಗಸಿ ವಿಧಾನದಲ್ಲಿ ಆರಂಭವಾಗಿದೆ ಎಂದು ತಿಳಿಯಬೇಕು. ಅನೇಕ ಯಂತ್ರಗಳ ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಬಾರಿ ಕಾಣುತ್ತದೆ. ಯಂತ್ರವನ್ನು ಮರಳಿ ಆರಂಭಿಸಿ, ಯುಇಎಫ್‌ಐ ಎಂದು ನಮೂದಾಗಿರುವ ಆಯ್ಕೆಯನ್ನು ಒತ್ತಿದರೆ ಸಾಕು. ಯಾವ ಪಾರ್ಟಿಷನ್ ಅನ್ನೂ ಈ ಕಾರಣಕ್ಕಾಗಿ ಅಳಿಸಬೇಕಾಗಿಲ್ಲ.

ಡಿಸ್ಕ್ ಎಂಬಿಆರ್ ಪದ್ಧತಿಯದೆಂದು ಸೂಚನೆ ಹೇಳಿದರೆ, ಯಂತ್ರ ಯುಇಎಫ್‌ಐ ವಿಧಾನದಲ್ಲಿದೆ, ಡಿಸ್ಕ್ ಹಳೆಯ ಪದ್ಧತಿಯಲ್ಲಿದೆ ಎಂದರ್ಥ. ಆಗ ಎರಡು ದಾರಿಗಳಿವೆ. ಮೊದಲನೆಯದು, ದಾಖಲೆಗಳ ಪ್ರತಿ ತೆಗೆದಿಟ್ಟುಕೊಂಡು ಡಿಸ್ಕ್ ಅನ್ನು ಪೂರ್ಣವಾಗಿ ಅಳಿಸಿ ಜಿಪಿಟಿ ಮಾಡುವುದು. ಎರಡನೆಯದು, ವಿಂಡೋಸ್ 10ರಲ್ಲಿ 2017ರಿಂದ ಲಭ್ಯವಿರುವ ಎಂಬಿಆರ್‌ಟುಜಿಪಿಟಿ ಎಂಬ ಸಾಧನದಿಂದ ಕಡತಗಳನ್ನು ಅಳಿಸದೆ ಪದ್ಧತಿಯನ್ನು ಪರಿವರ್ತಿಸುವುದು. ಇದಕ್ಕೆ ಷರತ್ತುಗಳಿವೆ. ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರಧಾನ ಪಾರ್ಟಿಷನ್‌ಗಳಿರಬಾರದು. ವಿಸ್ತರಿತ ಪಾರ್ಟಿಷನ್ ಇರಬಾರದು. ಡಿ, ಇ ಡ್ರೈವ್‌ಗಳನ್ನು ವಿಸ್ತರಿತ ಪಾರ್ಟಿಷನ್‌ನೊಳಗೆ ಮಾಡಿರುವ ಯಂತ್ರಗಳಲ್ಲಿ ಈ ಸಾಧನ ಕೆಲಸ ಮಾಡುವುದಿಲ್ಲ. ಪರಿವರ್ತನೆ ಮಾಡುವ ಮುನ್ನ ಡಿಸ್ಕ್ ಅರ್ಹವೇ ಎಂದು ಪರೀಕ್ಷಿಸುವ ಆದೇಶವೂ ಇದರಲ್ಲಿದ್ದು, ಅದರಿಂದ ಯಾವ ಬದಲಾವಣೆಯೂ ಆಗುವುದಿಲ್ಲ. ಪರಿವರ್ತನೆಯ ನಂತರ ಯಂತ್ರದ ಸೆಟ್ಟಿಂಗ್‌ನಲ್ಲಿ ಬೂಟ್ ವಿಧಾನವನ್ನು ಯುಇಎಫ್‌ಐಗೆ ಬದಲಿಸಬೇಕು. ಇಲ್ಲವಾದಲ್ಲಿ ವಿಂಡೋಸ್ ತೆರೆದುಕೊಳ್ಳದು. ಪರಿವರ್ತನೆಯ ನಡುವೆ ವಿದ್ಯುತ್ ಹೋದರೆ ತೊಂದರೆಯಾಗುವುದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಯಾವ ದಾರಿ ಹಿಡಿದರೂ ಬ್ಯಾಕಪ್ ಮೊದಲ ಹೆಜ್ಜೆಯಾಗಿರಬೇಕು.

ಹಳೆಯ ಯಂತ್ರಗಳ ಪ್ರಶ್ನೆ

ಎಲ್ಲ ಯಂತ್ರಗಳೂ ವಿಂಡೋಸ್ 11ಕ್ಕೆ ಅರ್ಹವಲ್ಲ. ಇಂಟೆಲ್ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಸಾಮಾನ್ಯವಾಗಿ 8ನೆಯ ತಲೆಮಾರಿನಿಂದ ಈಚಿನವು ಮಾತ್ರ ಅಧಿಕೃತ ಪಟ್ಟಿಯಲ್ಲಿವೆ. ಅರ್ಹತಾ ಪರೀಕ್ಷೆಯನ್ನು ಬದಿಗೊತ್ತಿ ಅಳವಡಿಸುವ ಉಪಾಯಗಳಿದ್ದರೂ, ಅಂತಹ ಯಂತ್ರಗಳಿಗೆ ಪರಿಷ್ಕರಣೆಗಳು ದೊರೆಯುವ ಖಾತರಿಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲ. ಅರ್ಹತೆ ಇಲ್ಲದ ಯಂತ್ರದ ಡಿಸ್ಕ್ ಅನ್ನು ಅಳಿಸಿ ಜಿಪಿಟಿ ಮಾಡುವುದರಿಂದ ಪ್ರಯೋಜನವಿಲ್ಲ.

ಇಂತಹ ಯಂತ್ರಗಳಿಗೆ ಲಿನಕ್ಸ್ ಒಂದು ಪರ್ಯಾಯ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿರುವ ಬಾಸ್ ಕೂಡ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ. ಆದರೆ ಡಿಜಿಟಲ್ ಸಹಿಯ ಟೋಕನ್, ಮುದ್ರಕ, ಸ್ಕ್ಯಾನರ್ ಮತ್ತು ಬೆರಳಚ್ಚು ಗುರುತಿನ ಸಾಧನ ಅದರಲ್ಲಿ ಕೆಲಸ ಮಾಡುತ್ತವೆಯೇ ಎಂಬುದನ್ನು ಒಂದು ಯಂತ್ರದಲ್ಲಿ ಪರೀಕ್ಷಿಸಿದ ನಂತರವೇ ನಿರ್ಧರಿಸುವುದು ಸೂಕ್ತ.

ಅನುಮೋದನೆಗೆ ಮುನ್ನ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

1. ಯಂತ್ರ ಈಗ ಯಾವ ವಿಧಾನದಲ್ಲಿದೆ? ವಿಂಡೋಸ್‌ನ 'ಸಿಸ್ಟಂ ಇನ್ಫರ್ಮೇಷನ್' ಪರದೆಯಲ್ಲಿ 'ಬಯೋಸ್ ಮೋಡ್' ಎಂಬ ಸಾಲಿನ ಎದುರು ಲೆಗಸಿ ಅಥವಾ ಯುಇಎಫ್‌ಐ ಎಂದು ನಮೂದಾಗಿರುತ್ತದೆ. 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ಡಿಸ್ಕ್‌ನ ಗುಣಲಕ್ಷಣಗಳನ್ನು ತೆರೆದರೆ ವಿಭಜನಾ ಪದ್ಧತಿ ತಿಳಿಯುತ್ತದೆ. ಎರಡನ್ನೂ ನೋಡಲು ಐದು ನಿಮಿಷ ಸಾಕು, ಯಂತ್ರವನ್ನು ಬಿಚ್ಚಬೇಕಾಗಿಲ್ಲ.

2. ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ? ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶ ಇದಕ್ಕೆ ಉತ್ತರ ನೀಡುತ್ತದೆ.

3. ವಿಭಜನಾ ಪದ್ಧತಿ ಬದಲಾಗಲಿದೆಯೇ? ಹೌದಾದಲ್ಲಿ ಡಿಸ್ಕ್ ಅಳಿಸಲಾಗುವುದೇ, ಪರಿವರ್ತಿಸಲಾಗುವುದೇ? ತಂತ್ರಜ್ಞರಿಂದ ಇದನ್ನು ಲಿಖಿತವಾಗಿ ಪಡೆಯುವುದು ಒಳಿತು.

4. ಬ್ಯಾಕಪ್ ಎಲ್ಲಿದೆ? ಪ್ರತಿಯು ಬೇರೊಂದು ಡಿಸ್ಕ್‌ನಲ್ಲಿರಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿಯೇ ಇರುವುದರಿಂದ ಅವುಗಳನ್ನು ಮರೆಯಬಾರದು.

5. ಬ್ಯಾಕಪ್ ಅನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡಲಾಗಿದೆಯೇ? ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಲಾಗದು.

6. ಬ್ಯಾಕಪ್ ಡಿಸ್ಕ್ ಅನ್ನು ಅಳವಡಿಕೆಯ ವೇಳೆ ಯಂತ್ರದಿಂದ ತೆಗೆದಿಡಲಾಗುವುದೇ? ಎರಡು ಡಿಸ್ಕ್‌ಗಳು ಜೋಡಣೆಯಾಗಿದ್ದರೆ ತಪ್ಪಾಗಿ ಮತ್ತೊಂದನ್ನು ಅಳಿಸುವ ಸಂಭವವಿರುತ್ತದೆ.

ಅಳವಡಿಕೆಯ ನಂತರ

ಡಿಜಿಟಲ್ ಸಹಿಯ ಕೀಲಿಯು ಯುಎಸ್‌ಬಿ ಟೋಕನ್‌ನೊಳಗೇ ಇರುವುದರಿಂದ ಡಿಸ್ಕ್ ಅಳಿಸಿದರೂ ಅದು ನಷ್ಟವಾಗುವುದಿಲ್ಲ. ಆದರೆ ಟೋಕನ್‌ನ ಚಾಲಕ ತಂತ್ರಾಂಶವನ್ನು ಮರಳಿ ಅಳವಡಿಸಬೇಕು. ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಭಾವಿಸದೆ, ನುಡಿ ತಂತ್ರಾಂಶವನ್ನು ಅಳವಡಿಸಿ ಮತ್ತೊಮ್ಮೆ ತೆರೆದು ನೋಡಬೇಕು.

ವಿಂಡೋಸ್ 11ರ ಈಚಿನ ಆವೃತ್ತಿಗಳನ್ನು ಹೊಸದಾಗಿ ಅಳವಡಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಗಾಗಬಹುದು. ಅದನ್ನು ತೆರೆಯುವ 48 ಅಂಕಿಗಳ ಮರುಪ್ರಾಪ್ತಿ ಕೀಲಿಯು ಆ ಖಾತೆಯಲ್ಲಿ ಉಳಿಯುತ್ತದೆ. ತಂತ್ರಜ್ಞರ ಅಥವಾ ಸಿಬ್ಬಂದಿಯೊಬ್ಬರ ಸ್ವಂತ ಖಾತೆಯನ್ನು ಬಳಸಿದಲ್ಲಿ, ಅವರು ಬೇರೆಡೆಗೆ ಹೋದ ಮೇಲೆ ಕೀಲಿ ಕಚೇರಿಯ ಕೈಗೆ ಸಿಗದಿರಬಹುದು. ಕೀಲಿಯ ಒಂದು ಮುದ್ರಿತ ಪ್ರತಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ವಶದಲ್ಲಿರುವುದು ಅವಶ್ಯಕ.

ಕಡತಗಳು ಕಾಣೆಯಾಗಿರುವುದು ಅಳವಡಿಕೆಯ ನಂತರ ತಿಳಿದುಬಂದರೆ ಯಂತ್ರವನ್ನು ಕೂಡಲೇ ಸ್ಥಗಿತಗೊಳಿಸಿ, ಡಿಸ್ಕ್ ಮೇಲೆ ಹೊಸದಾಗಿ ಏನನ್ನೂ ಬರೆಯದಂತೆ ನೋಡಿಕೊಳ್ಳಬೇಕು. ಚೆಕ್ಕುಬಂದಿ ಅಳಿದಿದ್ದರೂ ಅದರ ಮೇಲೆ ಹೊಸ ಕಡತ ಬೀಳದಿದ್ದಲ್ಲಿ ಪರಿಣತರು ಕೆಲವು ದಾಖಲೆಗಳನ್ನು ಮರಳಿ ಪಡೆಯುವ ಸಾಧ್ಯತೆ ಇರುತ್ತದೆ. ಎಸ್‌ಎಸ್‌ಡಿ ಡಿಸ್ಕ್‌ಗಳಲ್ಲಿ ಈ ಸಾಧ್ಯತೆ ಇನ್ನೂ ಕಡಿಮೆ.

ಆಪರೇಟಿಂಗ್ ಸಿಸ್ಟಂ ಅನ್ನು ಎಷ್ಟು ಬಾರಿ ಬೇಕಾದರೂ ಅಳವಡಿಸಬಹುದು. ಒಂದು ದಿನದ ಕೆಲಸ ಮತ್ತು ಅಲ್ಪ ವೆಚ್ಚದಲ್ಲಿ ಅದು ಮುಗಿಯುತ್ತದೆ. ಗ್ರಾಮದ ಹಿಂದಿನ ಠರಾವುಗಳನ್ನೂ ಸ್ಕ್ಯಾನ್ ಮಾಡಿದ ವಹಿಗಳನ್ನೂ ಹಾಗೆ ಮತ್ತೆ ಸೃಷ್ಟಿಸಲಾಗದು. ಆದುದರಿಂದ ಅಳವಡಿಕೆಯ ವೆಚ್ಚ ಸಾಮಾನ್ಯ ಸಭೆಯ ಮುಂದೆ ಬಂದಾಗ, ಬ್ಯಾಕಪ್ ತೆಗೆದು ಪರಿಶೀಲಿಸಲಾಗಿದೆ ಎಂಬ ದೃಢೀಕರಣವೂ ಅದರೊಂದಿಗೆ ಇರುವಂತೆ ಸದಸ್ಯರು ನೋಡಿಕೊಳ್ಳುವುದು ಹಾಗೂ ಅದನ್ನು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ.