"ಬ್ಯಾಟರಿ ಹೋಗಿದೆ ಮಗಾ" ಅನ್ನೋ ಮುಂಚೆ

ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಕ್ಯಾಂಪಸ್ಸಿನಲ್ಲಿ ಬರೋ ತೀರ್ಪು ಒಂದೇ: "ಬ್ಯಾಟರಿ ಹೋಗಿದೆ ಮಗಾ." ಹೊಸ ಬ್ಯಾಟರಿ ಬರತ್ತೆ. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಕಥೆ. ಈ ಸಲ "ಸೆಲ್ಫ್ ಮೋಟರ್ ಹೋಗಿದೆ" ಅಂತಾರೆ, ಅದೂ ಬದಲಾಗತ್ತೆ. ಕೊನೆಗೆ ಯಾರೋ ಒಬ್ಬರು ಎಂಜಿನ್ನಿನಿಂದ ಚಾಸಿಸ್‌ಗೆ ಹೋಗೋ ಒಂದು ತುಕ್ಕು ಹಿಡಿದ ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿದಾಗ ಗಾಡಿ ಸರಿಹೋಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ. ನಮಗಾದ್ರೆ ಮನೆಗೆ ಫೋನ್ ಮಾಡಿ ದುಡ್ಡು ಕೇಳುವಷ್ಟಕ್ಕೆ ಮುಗೀತು. ಟ್ಯಾಕ್ಸಿ ಓಡಿಸಿ ಸಂಸಾರ ನಡೆಸೋರಿಗೆ ಎರಡು ಬೇಡದ ಬಿಡಿಭಾಗದ ಖರ್ಚಿನ ಜೊತೆಗೆ ಗಾಡಿ ನಿಂತಷ್ಟು ದಿನದ ದುಡಿಮೆಯೂ ಹೋಗತ್ತೆ.

ಇದನ್ನು ತಪ್ಪಿಸೋಕೆ ದೊಡ್ಡ ಸ್ಕ್ಯಾನರ್ ಏನೂ ಬೇಡ. ಮೊದಲ ವರ್ಷದಲ್ಲಿ ಓದಿದ ಓಮನ ನಿಯಮ ಮತ್ತು ಲ್ಯಾಬಿನಲ್ಲಿರುವಂಥ ಸಾಮಾನ್ಯ ಮಲ್ಟಿಮೀಟರ್ ಸಾಕು. ಆದ್ರೆ ಮೀಟರನ್ನು ಎಲ್ಲಿ, ಯಾವಾಗ ಇಡಬೇಕು ಅನ್ನೋದು ಗೊತ್ತಿರಬೇಕು. ಕಾರನ್ನೇ ಉದಾಹರಣೆಯಾಗಿ ತಗೊಳ್ಳೋಣ.

ಸ್ಟಾರ್ಟಿಂಗ್ ವ್ಯವಸ್ಥೆಯಲ್ಲಿ ಎರಡು ಸರ್ಕ್ಯೂಟ್ ಇವೆ. ಒಂದು ಸಣ್ಣದು: ಕೀ ತಿರುಗಿಸಿದಾಗ ಫ್ಯೂಸ್, ಇಗ್ನಿಷನ್ ಸ್ವಿಚ್, ರಿಲೇ ದಾಟಿ ಸೊಲೆನಾಯ್ಡ್‌ನ ಸುರುಳಿಗೆ ಕರೆಂಟ್ ಕೊಡೋದು. ಇನ್ನೊಂದು ದೊಡ್ಡದು: ಬ್ಯಾಟರಿಯ ಪ್ಲಸ್‌ನಿಂದ ದಪ್ಪ ಕೇಬಲ್, ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್, ಮೋಟರ್, ಎಂಜಿನ್ನಿನ ಮೈ, ಅಲ್ಲಿಂದ ಮತ್ತೆ ಬ್ಯಾಟರಿಯ ಮೈನಸ್. ಸಣ್ಣ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ತಿರುಗುವಾಗ ಈ ದಾರಿಯಲ್ಲಿ 100ರಿಂದ 200 ಆಂಪಿಯರ್ ಹರಿಯತ್ತೆ. ಮೊದಲ ಕ್ಷಣದಲ್ಲಿ ಮೋಟರ್ ಇನ್ನೂ ನಿಂತಿರತ್ತೆ, ಬ್ಯಾಕ್ ಇಎಂಎಫ್ ಸೊನ್ನೆ, ಹಾಗಾಗಿ ಅದಕ್ಕಿಂತ ಎಷ್ಟೋ ಜಾಸ್ತಿ. ಡಿಸಿ ಮೆಷಿನ್ಸ್ ಪಾಠದಲ್ಲಿ ಬರೆದ ಗ್ರಾಫ್ ಬಾನೆಟ್ ಕೆಳಗೆ ದಿನಾ ನಡೀತಾ ಇದೆ.

ಮೀಟರ್ ತೆಗೆಯೋಕೆ ಮುಂಚೆ ಕಿವಿ ಕೊಡಿ. ಕೀ ತಿರುಗಿಸಿದ್ರೆ ಏನೂ ಸದ್ದಿಲ್ಲ ಅಂದ್ರೆ ಹೆಚ್ಚಾಗಿ ಸಣ್ಣ ಸರ್ಕ್ಯೂಟಿನ ತಂಟೆ. ಒಂದೇ ಒಂದು "ಟಕ್" ಬಂದು ಸುಮ್ಮನಾದ್ರೆ ಸೊಲೆನಾಯ್ಡ್ ಎಳೆದಿದೆ, ಆದ್ರೆ ಮೋಟರಿಗೆ ಸಾಕಷ್ಟು ಕರೆಂಟ್ ಹೋಗಿಲ್ಲ, ಇಲ್ಲವೇ ಮೋಟರ್ ಅಥವಾ ಎಂಜಿನ್ ಜಾಮ್ ಆಗಿದೆ. "ಟಕಟಕಟಕ" ಅಂತ ಗುಬ್ಬಿ ಕುಕ್ಕಿದ ಹಾಗೆ ಬಂದ್ರೆ ಅದರ ಹಿಂದೆ ಒಂದು ಚೆಂದದ ಕಾರಣ ಇದೆ. ಸೊಲೆನಾಯ್ಡ್ ಒಳಗೆ ಎಳೆಯೋಕೆ ಒಂದು ಸುರುಳಿ, ಹಿಡಿದಿಡೋಕೆ ಇನ್ನೊಂದು. ಕಾಂಟ್ಯಾಕ್ಟ್ ಮುಚ್ಚಿದ ತಕ್ಷಣ ಎಳೆಯೋ ಸುರುಳಿಯ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಂದು ಅದು ಸುಮ್ಮನಾಗತ್ತೆ. ಹಿಡಿಯೋ ಸುರುಳಿ ಒಂದೇ ಕೆಲಸ ಮಾಡಬೇಕು. ಅದೇ ಕ್ಷಣಕ್ಕೆ ಮೋಟರ್ ಕರೆಂಟ್ ಎಳೆದು ವೋಲ್ಟೇಜ್ ಕುಸಿದ್ರೆ ಹಿಡಿತ ತಪ್ಪತ್ತೆ, ಕಾಂಟ್ಯಾಕ್ಟ್ ಬಿಡತ್ತೆ. ಬಿಟ್ಟ ಕೂಡಲೇ ವೋಲ್ಟೇಜ್ ಮೇಲೇಳತ್ತೆ, ಮತ್ತೆ ಎಳೆಯತ್ತೆ. ನಮ್ಮ ಕಿವಿಗೆ ಬೀಳೋದು ಈ ಜಗ್ಗಾಟ. ಸೊರಗಿದ ಬ್ಯಾಟರಿ ಅಥವಾ ಸಡಿಲವಾದ ಟರ್ಮಿನಲ್ ಇದಕ್ಕೆ ಸಾಮಾನ್ಯ ಕಾರಣಗಳು. ಎರಡರಲ್ಲಿ ಯಾವುದು ಅಂತ ಸದ್ದು ಹೇಳಲ್ಲ. ಅಲ್ಲಿಂದ ಮುಂದೆ ಮೀಟರೇ ಗತಿ.

ಇಲ್ಲೇ ಬಹಳ ಜನ ದಾರಿ ತಪ್ಪೋದು. ಬ್ಯಾಟರಿಗೆ ಮೀಟರ್ ಇಡ್ತಾರೆ, 12.6 ವೋಲ್ಟ್ ತೋರಿಸತ್ತೆ. ಸ್ಟಾರ್ಟರ್ ಹತ್ತಿರ ಇಡ್ತಾರೆ, ಅಲ್ಲೂ 12.6. ಕೇಬಲ್ಲಿಗೆ ಕಂಟಿನ್ಯುಟಿ ನೋಡಿದ್ರೆ ಬೀಪ್ ಅನ್ನತ್ತೆ. "ವೈರಿಂಗ್ ಎಲ್ಲಾ ಸರಿ ಇದೆ, ಮೋಟರ್ ಬದಲಾಯಿಸಿ." ಯೋಚನೆ ಮಾಡಿ: ಮೀಟರಿನ ಒಳರೋಧ ಸುಮಾರು 10 ಮೆಗಾಓಮ್. ಆ ಹೊತ್ತಿಗೆ ಮೀಟರಿನಲ್ಲಿ ಹರಿಯೋದು 1 ಮೈಕ್ರೋಆಂಪಿಯರ್ ಚಿಲ್ಲರೆ. ನೂರಾರು ಎಳೆಯ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ರೂ ಅಷ್ಟು ಕರೆಂಟ್ ಆರಾಮಾಗಿ ಹೋಗತ್ತೆ. ರಾತ್ರಿ 3 ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಖಾಲಿ ಇತ್ತು ಅಂತ ಬೆಳಿಗ್ಗೆ 9ಕ್ಕೂ ಖಾಲಿ ಇರತ್ತೆ ಅಂತ ಹೇಳಿದ ಹಾಗಾಯ್ತು ಇದು.

ಹಾಗಾದ್ರೆ ಓಮ್ ಅಳೆಯೋಣವೇ? ಅದೂ ಆಗಲ್ಲ. ನಮ್ಮ ಶತ್ರು 0.02 ಓಮ್‌ನಷ್ಟು ಚಿಕ್ಕದು. ಸಾಮಾನ್ಯ ಮೀಟರ್ 0.1 ಓಮ್‌ಗಿಂತ ಕಡಿಮೆ ತೋರಿಸೋದೇ ಇಲ್ಲ, ಅದರ ಪ್ರೋಬ್ ವೈರುಗಳೇ ಅದಕ್ಕಿಂತ ಜಾಸ್ತಿ ಇರತ್ವೆ. ಆದ್ರೆ ಆ 0.02 ಓಮ್ ಮೂಲಕ 130 ಆಂಪಿಯರ್ ಹೋದ್ರೆ 2.6 ವೋಲ್ಟ್ ಅಲ್ಲೇ ಉಳಿದುಹೋಗತ್ತೆ. 2.6 ವೋಲ್ಟನ್ನು ಎಷ್ಟು ಅಗ್ಗದ ಮೀಟರ್ ಆದ್ರೂ ತೋರಿಸತ್ತೆ. ಅಂದ್ರೆ ರೋಧವನ್ನು ಅಳೆಯಬೇಡಿ. ಕರೆಂಟ್ ಹರಿಯುವಾಗ ಅದು ತಿಂದ ವೋಲ್ಟೇಜನ್ನು ಅಳೆಯಿರಿ. ಇದಕ್ಕೆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಅಂತಾರೆ.

ಹೀಗೊಂದು ಕಾರು ಅಂದುಕೊಳ್ಳಿ: ಎಂಜಿನ್ ತುಂಬಾ ನಿಧಾನವಾಗಿ ತಿರುಗ್ತಿದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಎಂಜಿನ್ ಹತ್ತಿಕೊಳ್ಳದ ಹಾಗೆ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದಿಡಿ. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಮೀಟರ್ ನೋಡಲಿ. ಪ್ರತಿ ಸಲ ನಾಲ್ಕೈದು ಸೆಕೆಂಡ್ ಸಾಕು, ನಡುವೆ ಮೋಟರಿಗೆ ಉಸಿರಾಡೋಕೆ ಬಿಡಿ. ತಿರುಗುವಾಗ ಬ್ಯಾಟರಿಯ ಎರಡು ಪೋಸ್ಟ್‌ಗಳ ನಡುವೆ 11.8 ವೋಲ್ಟ್ ಬಂತು. 9.6ಕ್ಕಿಂತ ಮೇಲಿದ್ರೆ ಸಾಮಾನ್ಯವಾಗಿ ಬ್ಯಾಟರಿಯನ್ನು ದೂರೋ ಹಾಗಿಲ್ಲ, ಇಲ್ಲಂತೂ ಅದು ನಿರಪರಾಧಿ. ಈಗ ಸ್ಟಾರ್ಟರಿನ ದಪ್ಪ ಟರ್ಮಿನಲ್ ಮತ್ತು ಸ್ಟಾರ್ಟರಿನ ಮೈ ನಡುವೆ ಅಳೆದ್ರೆ 8.9. ಮಧ್ಯೆ 2.9 ವೋಲ್ಟ್ ಯಾರೋ ನುಂಗಿದ್ದಾರೆ. ಯಾರು? ಕೆಂಪು ಪ್ರೋಬ್ ಬ್ಯಾಟರಿಯ ಪ್ಲಸ್ ಪೋಸ್ಟಿಗೆ, ಕಪ್ಪು ಪ್ರೋಬ್ ಸ್ಟಾರ್ಟರಿನ ಟರ್ಮಿನಲ್ಲಿಗೆ: 0.3. ಇದನ್ನು ಕ್ಷಮಿಸಬಹುದು. ಕೆಂಪು ಸ್ಟಾರ್ಟರಿನ ಮೈಗೆ, ಕಪ್ಪು ಬ್ಯಾಟರಿಯ ಮೈನಸ್ ಪೋಸ್ಟಿಗೆ: 2.6. ಸಿಕ್ಕಿಬಿದ್ದ. ಗ್ರೌಂಡ್ ಕಡೆ ಒಟ್ಟು 0.2, 0.3ಕ್ಕಿಂತ ಜಾಸ್ತಿ ಇರಬಾರದು, ಪ್ಲಸ್ ಕಡೆ ಸುಮಾರು 0.5ರ ಒಳಗಿರಬೇಕು. ಈಗ ಕೆಂಪು ಪ್ರೋಬನ್ನು ಎಂಜಿನ್ನಿನಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಕ್ಲ್ಯಾಂಪಿಗೆ ಹೆಜ್ಜೆ ಹೆಜ್ಜೆಯಾಗಿ ತನ್ನಿ. ರೀಡಿಂಗ್ ಎಲ್ಲಿ ದಬಕ್ಕನೆ ಇಳಿಯತ್ತೋ ಕಳ್ಳ ಅಲ್ಲೇ. 2.6 ವೋಲ್ಟ್, 130 ಆಂಪಿಯರ್ ಅಂದ್ರೆ 338 ವ್ಯಾಟ್ ಶಾಖ ಒಂದು ಬೋಲ್ಟಿನ ಸುತ್ತ ಸುರೀತಿದೆ. ಆ ಜಾಗ ಮುಟ್ಟಿದ್ರೆ ಬಿಸಿ ಗೊತ್ತಾಗತ್ತೆ.

ಗ್ರೌಂಡೇ ಯಾಕೆ ಇಷ್ಟು ಸಲ ಕೈಕೊಡತ್ತೆ ಅಂದ್ರೆ, ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ. ರಬ್ಬರ್ ಅವಾಹಕ. ಆದ್ದರಿಂದ ಎಂಜಿನ್ನನ್ನು ಚಾಸಿಸ್‌ಗೋ ಬ್ಯಾಟರಿಗೋ ಜೋಡಿಸೋಕೆ ಹೆಣೆದ ತಾಮ್ರದ ಪಟ್ಟಿ ಅಥವಾ ದಪ್ಪ ಕೇಬಲ್ ಇರತ್ತೆ. ಅದು ತಗ್ಗಿನಲ್ಲಿ, ಕೆಸರು ನೀರು ಎರಚೋ ಕಡೆ ಇರತ್ತೆ, ಎಂಜಿನ್ ಜೊತೆ ಅಲುಗ್ತಾನೂ ಇರತ್ತೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿ ಇಂಥ ಕೊರೆತಕ್ಕೆ ಇನ್ನಷ್ಟು ಅನುಕೂಲ. ಈ ಪಟ್ಟಿ ಪೂರ್ತಿ ಹೋದ್ರೆ ಕರೆಂಟ್ ಬೇರೆ ದಾರಿ ಹುಡುಕತ್ತೆ: ಕ್ಲಚ್ ಕೇಬಲ್, ಗೇರ್ ಕೇಬಲ್, ಸಿಕ್ಕಿದ್ದು. ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ ಬಿಸಿಯಾಗೋದು, ಹೊಗೆ ಬರೋದು ಇದರಿಂದಲೇ. ಅನುಮಾನ ಬಂದ್ರೆ ಒಂದು ಜಂಪರ್ ಕೇಬಲನ್ನು ಬ್ಯಾಟರಿಯ ಮೈನಸ್‌ನಿಂದ ನೇರ ಎಂಜಿನ್ ಬ್ಲಾಕಿಗೆ ಕಚ್ಚಿಸಿ ನೋಡಿ. ಗಾಡಿ ಚುರುಕಾಗಿ ತಿರುಗಿದ್ರೆ ಅಲ್ಲಿಗೆ ತನಿಖೆ ಮುಗೀತು.

ಮೇಲೆ "ಪೋಸ್ಟ್" ಅಂತ ಬೇಕಂತಲೇ ಬರೆದಿದ್ದೀವಿ. ಪ್ರೋಬ್ ಕ್ಲ್ಯಾಂಪ್ ಮೇಲಲ್ಲ, ನಡುವಿನ ಸೀಸದ ಗೂಟದ ಮೇಲೇ ಕೂರಬೇಕು. ಯಾಕಂದ್ರೆ ಗೂಟಕ್ಕೂ ಕ್ಲ್ಯಾಂಪಿಗೂ ನಡುವೆ ಬೆಳೆಯೋ ಬಿಳಿ-ಹಸಿರು ಪುಡಿ ಈ ಕಥೆಯ ಇನ್ನೊಬ್ಬ ದೊಡ್ಡ ಖಳ. ಹೊಸ ಬ್ಯಾಟರಿ ಹಾಕಿದಾಗ ಗಾಡಿ "ಸರಿ"ಯಾಗೋ ಗುಟ್ಟೂ ಎಷ್ಟೋ ಸಲ ಇಲ್ಲೇ ಇದೆ. ಬ್ಯಾಟರಿ ಬದಲಾಯಿಸೋಕೆ ಕ್ಲ್ಯಾಂಪ್ ಬಿಚ್ಚಲೇಬೇಕು, ಹೊಸ ಗೂಟಕ್ಕೆ ಬಿಗಿ ಮಾಡಲೇಬೇಕು. ಕೆಲಸ ಮಾಡಿದ್ದು ಹೊಸ ಬ್ಯಾಟರಿಯೋ ಬಿಗಿಯಾದ ಕ್ಲ್ಯಾಂಪೋ? ಎರಡು ವೇರಿಯಬಲ್ ಒಟ್ಟಿಗೆ ಬದಲಾದ ಪ್ರಯೋಗ ಅದು. ಲ್ಯಾಬ್ ರೆಕಾರ್ಡಿನಲ್ಲಿ ಬರೆದಿದ್ರೆ ಮೇಷ್ಟ್ರು ಹೊಡೆದುಹಾಕ್ತಿದ್ರು. ಗ್ಯಾರೇಜಿನಲ್ಲಿ ಅದಕ್ಕೆ ಬಿಲ್ ಬರತ್ತೆ. ಆದ್ದರಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಉಜ್ಜಿ, ಹಳೇ ಬ್ಯಾಟರಿಗೇ ವಾಪಸ್ ಹಾಕಿ ಒಮ್ಮೆ ನೋಡಿ.

ಡಿಸಿ ಕರೆಂಟ್ ಅಳೆಯೋ ಕ್ಲ್ಯಾಂಪ್ ಮೀಟರ್ ಸಿಕ್ಕಿದ್ರೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗತ್ತೆ. ನಿಧಾನವಾಗಿ ತಿರುಗ್ತಿದೆ, ಕರೆಂಟ್ ಕಡಿಮೆ: ದಾರಿಯಲ್ಲಿ ರೋಧ ಇದೆ, ಅಥವಾ ಬ್ರಷ್ ಸವೆದಿದೆ. ನಿಧಾನವಾಗಿ ತಿರುಗ್ತಿದೆ, ಕರೆಂಟ್ ವಿಪರೀತ: ಮೋಟರ್ ಒಳಗೆ ಶಾರ್ಟ್ ಅಥವಾ ಎಂಜಿನ್ ಬಿಗಿಹಿಡಿದಿದೆ. ಅಪ್ಪಿತಪ್ಪಿಯೂ ಮಲ್ಟಿಮೀಟರನ್ನು ಸೀರೀಸ್‌ನಲ್ಲಿ ಹಾಕಿ ಈ ಕರೆಂಟ್ ಅಳೆಯೋಕೆ ಹೋಗಬೇಡಿ, ಅದರ ಮಿತಿ ಸಾಮಾನ್ಯವಾಗಿ 10 ಆಂಪಿಯರ್. ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ಟರ್ಮಿನಲ್ ಮುಟ್ಟಿಸಿ ಸ್ಟಾರ್ಟ್ ಮಾಡೋ ರಸ್ತೆಬದಿ ಚಮತ್ಕಾರವೂ ಬೇಡ. ಗಾಡಿ ಗೇರಿನಲ್ಲಿದ್ರೆ ಮುಂದೆ ನಿಂತವರ ಮೇಲೇ ಬರತ್ತೆ.

ಏನೂ ಸದ್ದೇ ಇಲ್ಲದ ಗಾಡಿಗೆ ಕೆಲಸ ಸುಲಭ. ಸೊಲೆನಾಯ್ಡ್‌ನ ಸಣ್ಣ ವೈರಿಗೆ ಕೀ ತಿರುಗಿಸಿದಾಗ ವೋಲ್ಟೇಜ್ ಬರ್ತಿದೆಯಾ ನೋಡಿ. ಬರದಿದ್ರೆ ಹಿಂದಕ್ಕೆ ಹೋಗಿ: ರಿಲೇ, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್, ಇಗ್ನಿಷನ್, ಫ್ಯೂಸ್. ಒಂದೇ ನಂಬರಿನ ಹಾರ್ನ್ ರಿಲೇ ಪಕ್ಕದಲ್ಲೇ ಇದ್ರೆ ಅದಲುಬದಲು ಮಾಡಿ ನೋಡೋದು ಪುಕ್ಕಟೆ ಪರೀಕ್ಷೆ. ಅನೇಕ ಗೇರ್‌ಲೆಸ್ ಸ್ಕೂಟರುಗಳಲ್ಲಿ ಬ್ರೇಕ್ ಹಿಡಿಯದೆ ಸೆಲ್ಫ್ ಹೊಡೆಯಲ್ಲ, ಆ ಕರೆಂಟ್ ಬ್ರೇಕ್ ಸ್ವಿಚ್ ದಾಟಿಯೇ ಬರಬೇಕು. ಹಾಗಾಗಿ ಲಿವರ್ ಹಿಡಿದು ಹಿಂದಿನ ಬ್ರೇಕ್ ಲೈಟ್ ಉರಿಯತ್ತಾ ನೋಡಿ. ಉರಿಯದೇ ಇದ್ದು ಬಲ್ಬ್ ಸರಿ ಇದ್ರೆ, ಬ್ಯಾಟರಿ ಅಂಗಡಿಗೆ ಹೋಗೋ ಮೊದಲು ಲಿವರ್ ಬುಡದಲ್ಲಿರೋ ಆ ಪುಟ್ಟ ಸ್ವಿಚ್ಚನ್ನು ನೋಡಿ.