ನೆರೆ ಇಳಿದ ಮೇಲೆ ಬರುವವರು

ಉತ್ತರ ಕನ್ನಡ ಕರಾವಳಿಯ ಹೊನ್ನಾವರ, ಕುಮಟಾ, ಭಟ್ಕಳ ಮೂರೂ ತಾಲ್ಲೂಕಿಗೆ ಮಳೆ ಒಂದೇ, ನೆರೆ ಬರುವ ದಾರಿ ಮಾತ್ರ ಬೇರೆ. ಲಿಂಗನಮಕ್ಕಿ ಅಣೆಕಟ್ಟು ತುಂಬುತ್ತಿದೆ ಎನ್ನುವಾಗ ಹೊನ್ನಾವರದ ಶರಾವತಿ ದಂಡೆಯವರಿಗೆ ವಿದ್ಯುತ್ ನಿಗಮದಿಂದ ಮುನ್ಸೂಚನೆ ಬರುತ್ತದೆ. ಕುಮಟಾದ ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟೇ ಇಲ್ಲ. ಘಟ್ಟದ ಮೇಲೆ ಮಳೆ ಹೊಡೆದರೆ ಕತಗಾಲದ ಚಂಡಿಕಾ ಹೊಳೆ ಶಿರಸಿ ರಸ್ತೆಯನ್ನು ಮುಳುಗಿಸಿಯೇ ಸುದ್ದಿ ಹೇಳುತ್ತದೆ. ಭಟ್ಕಳದಲ್ಲಂತೂ 2022ರ ಆಗಸ್ಟ್ ಮೊದಲ ವಾರ ಒಂದೇ ದಿನದೊಳಗೆ 500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು.

ಅಜ್ಜಿಯನ್ನು ದೋಣಿಯಲ್ಲಿ ಕರೆತರುವ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಕೆಸರು ಎತ್ತುವವರದ್ದು ಬರುವುದು ಅಪರೂಪ.

ಕೆಸರಿಗೊಂದು ಗಡುವಿದೆ. ನೀರು ಇಳಿಯುತ್ತಿರುವಾಗಲೇ ಅದರ ಜೊತೆಗೇ ಹೊರಗೆ ತಳ್ಳಬೇಕು. ಎರಡು ಬಿಸಿಲು ಬಿತ್ತೆಂದರೆ ಸಲಿಕೆಯಲ್ಲಿ ಕೆತ್ತಬೇಕಾಗುತ್ತದೆ. ಆಮೇಲೆ ಬಾವಿ. ಪಂಪು ಇಟ್ಟು ನೀರು ತೆಗೆದು, ಒಬ್ಬರು ಹಗ್ಗ ಹಿಡಿದು ಇಳಿದು, ತಳದ ರಾಡಿಯನ್ನು ಬಕೆಟ್ಟಿಗೆ ತುಂಬಿ ಮೇಲೆ ಕಳಿಸಬೇಕು. ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್. ಸುತ್ತಲಿನ ಮಣ್ಣು ನೆನೆದಿರುವಾಗ ಅವಸರದಲ್ಲಿ ಬಾವಿ ಬರಿದು ಮಾಡಿದರೆ ಅದರ ಗೋಡೆಯೇ ಒಳಗೆ ಕುಸಿದೀತು. ಇಲ್ಲಿ ಬರೀ ಹುರುಪು ಸಾಲದು, ಕೈ ಪಳಗಿರಬೇಕು.

ಹಾಗೆ ಕೈ ಪಳಗಿಸುವ ಕೆಲಸಕ್ಕೆಂದೇ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2020ರಲ್ಲಿ ‘ಶೌರ್ಯ’ ವಿಪತ್ತು ನಿರ್ವಹಣಾ ಘಟಕಗಳನ್ನು ಕಟ್ಟಿತು. ಕರಾವಳಿಯ ಈ ತಾಲ್ಲೂಕುಗಳಲ್ಲೂ ಘಟಕಗಳಿವೆ. ಸ್ವಯಂಸೇವಕರು ಊರಿನವರೇ, ರಸ್ತೆಗೆ ಬಿದ್ದ ಮರ ಕಡಿಯುವುದರಿಂದ ಹಿಡಿದು ಬಡವರ ಮನೆ ದುರಸ್ತಿಯವರೆಗೆ ಕೈ ಹಾಕುತ್ತಾರೆ.

ಚರ್ಚಿನ ರೀತಿ ಬೇರೆ. ಬೆಳಗಾವಿಯಿಂದ ಬೇರ್ಪಟ್ಟು 1976ರಲ್ಲಿ ಆದ ಕಾರವಾರ ಧರ್ಮಪ್ರಾಂತ್ಯಕ್ಕೆ ತನ್ನದೇ ಅಭಿವೃದ್ಧಿ ಸಂಸ್ಥೆಯಿದೆ. 1962ರಲ್ಲಿ ಶುರುವಾದ ಕ್ಯಾಥೊಲಿಕ್ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ ದೇಶದೆಲ್ಲೆಡೆ ಕೆಲಸ ಮಾಡುವುದು ಇಂಥ ಸಂಸ್ಥೆಗಳ ಮೂಲಕವೇ. ವರ್ಷವಿಡೀ ಸ್ವಸಹಾಯ ಸಂಘದ ಸಭೆ ನಡೆಸುವವರಿಗೆ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರದು ಮಣ್ಣಿನ ಗೋಡೆ ಎಂಬುದು ಮೊದಲೇ ಗೊತ್ತು. ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಚರ್ಚಿನ ಡಿಸೆಂಬರ್ ಹಬ್ಬಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುವ ಸೀಮೆಯಿದು. ಅಕ್ಕಿ ಹಂಚುವಾಗ ಜಾತಿ ಕೇಳಿದರೆ ನಾಳೆ ಊರಲ್ಲಿ ಮುಖ ತೋರಿಸುವುದು ಕಷ್ಟ.

ಭಟ್ಕಳದಲ್ಲಿ ಚರ್ಚಿನ ಜಾಗದಲ್ಲಿರುವುದು 1912ರ ಮುಸ್ಲಿಂ ಸಂಘಟನೆ ಮಜ್ಲಿಸೆ ಇಸ್ಲಾಹ್ ವ ತಂಝೀಮ್. ಕೊಲ್ಲಿ ದೇಶಗಳಲ್ಲಿರುವ ಭಟ್ಕಳದವರ ಜಮಾತ್‌ಗಳು ಊರಿನೊಂದಿಗೆ ಬಿಡದ ನಂಟು ಇಟ್ಟುಕೊಂಡಿವೆ. ಬೇರೆ ಕಾರಣಗಳಿಗೇ ಸುದ್ದಿಯಾಗುವ ಈ ಊರಿನ ನೆರವಿನ ಮುಖ ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲ.

ಹೊರಗಿನಿಂದ ಬರುವವರೂ ಇದ್ದಾರೆ. 2024ರ ಜುಲೈ 16ರಂದು ಪಕ್ಕದ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ, ಉಕ್ಕಿದ ಗಂಗಾವಳಿ ನದಿ ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಮುಳುಗುಗಾರ ಈಶ್ವರ ಮಲ್ಪೆ ತಂಡ ಕಟ್ಟಿಕೊಂಡು ಬಂದು ಆ ರಭಸದ ನೀರಿಗಿಳಿದದ್ದನ್ನು ಟಿ.ವಿ.ಯಲ್ಲಿ ನಾಡೆಲ್ಲ ನೋಡಿತು.

ನೆರವಿನಲ್ಲೂ ತಾಪತ್ರಯ ಇಲ್ಲದಿಲ್ಲ. ಕಾಳಜಿ ಕೇಂದ್ರದ ಮೂಲೆಯಲ್ಲಿ ಹಳೇ ಬಟ್ಟೆಯ ರಾಶಿ ಬೀಳುತ್ತದೆ, ಉಡುವವರಿಲ್ಲ. ಅದರ ಬದಲು ಹಾನಿಯ ಪಂಚನಾಮೆಯ ದಿನ ಪಕ್ಕದಲ್ಲೊಬ್ಬರು ನಿಂತರೆ ಸಾಕು. 2019ರ ನೆರೆಯಲ್ಲಿ ಸರ್ಕಾರ ನೀರು ನುಗ್ಗಿದ ಮನೆಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಒದ್ದೆಯಾದ ಪಾಸ್‌ಬುಕ್ಕು, ಕಳೆದುಹೋದ ಆಧಾರ್, ಅಜ್ಜನ ಹೆಸರಲ್ಲೇ ಉಳಿದ ಜಾಗದ ಪಹಣಿ ಇಟ್ಟುಕೊಂಡು ಅದನ್ನು ಪಡೆಯುವುದು ಸಲೀಸಲ್ಲ. ಅರ್ಜಿ ಬರೆದುಕೊಡುವ ಹುಡುಗಿ ಸಲಿಕೆ ಹಿಡಿದವರಷ್ಟೇ ಬೇಕು.

ಯಾವ ಸಂಘಕ್ಕೂ ಸುಲಭಕ್ಕೆ ಬಗ್ಗದ ಕೆಲಸವೊಂದಿದೆ: ಅಘನಾಶಿನಿ ಅಳಿವೆಯ ಗಜನಿ, ಅಂದರೆ ಉಪ್ಪುನೀರಿನ ಅಂಚಿನ ತಗ್ಗು ಗದ್ದೆಗಳ, ಕಟ್ಟೆ. ಅದು ಒಡೆದರೆ ಗದ್ದೆಗೆ ಉಪ್ಪುನೀರು ಎಗ್ಗಿಲ್ಲದೆ ನುಗ್ಗುತ್ತದೆ. ಉಪ್ಪು ತಡೆಯುವ ಕಗ್ಗ ಭತ್ತಕ್ಕೂ ಒಂದು ಮಿತಿಯಿದೆ. ಮಾಣಿಕಟ್ಟಾದಂಥ ಊರುಗಳ ಕಗ್ಗದ ಬೆಳೆಗಾರರಿಗೆ ಆಗ ಬೇಕಾಗುವುದು ಅಕ್ಕಿಯ ಕಿಟ್ ಅಲ್ಲ, ಮಣ್ಣು, ಕಲ್ಲು ಮತ್ತು ಇಳಿತದ ಹೊತ್ತು ನೋಡಿ ದುಡಿಯುವ ಆಳುಗಳು.